ಎಡಗಡೆಯ ಡೆಪ್ಯುಟೇಶನ್: ಬೆನ್ನು ನೋಯದ ಎದೆಪ್ಯಾಡ್ ಹೊಲಿದುಕೊಂಡ ಲೆಕ್ಕ

ಕೆಲಸ ಮುಗಿದಿದೆ. ತೂಕ 430 ಗ್ರಾಂ, ಖರ್ಚು 580 ರೂಪಾಯಿ, ಬೆನ್ನು ಸದ್ಯಕ್ಕೆ ತೆಪ್ಪಗಿದೆ. ಇನ್ನೊಬ್ಬರಿಗೆ ಬೇಕಾಗಬಹುದು ಅಂತ ಮಾಡಿದ್ದನ್ನೆಲ್ಲ ಸಾಲಾಗಿ ಬರೆದಿಡುತ್ತಿದ್ದೇನೆ. ಕೆಡಿಸಿದ್ದೇ ಜಾಸ್ತಿ, ಅದನ್ನೂ ಬಿಟ್ಟಿಲ್ಲ.

ಸ್ತನ ಕ್ಯಾನ್ಸರ್ ಆಗಿ ನನ್ನ ಎಡಗಡೆಯದನ್ನು ಪೂರ್ತಿ ತೆಗೆದಿದ್ದಾರೆ. ಬಲಗಡೆಯದು ಪರ್ಮನೆಂಟ್. ಎಡಗಡೆ ಬ್ಲೌಸಿನೊಳಗೆ ಕೂರುವ ಪ್ಯಾಡಿಗೆ ನಮ್ಮ ಯಜಮಾನರು ‘ಡೆಪ್ಯುಟೇಶನ್’ ಅಂತ ಹೆಸರಿಟ್ಟರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ರಿಟೈರ್ ಆದವರು, ಅವರಿಗೆ ತೋಚುವುದೇ ಅಷ್ಟು. ಹೆಸರು ಮನೆಯಲ್ಲಿ ಹಾಗೇ ನಿಂತುಬಿಟ್ಟಿತು. ‘ರೀ, ಡೆಪ್ಯುಟೇಶನ್ ಎಲ್ಲಿಟ್ಟಿದ್ದೀರಿ?’ ಅಂದರೆ ‘ಹಿತ್ತಲಲ್ಲಿ ಒಣಗ್ತಿದೆ’ ಅನ್ನುವಷ್ಟು ಸಲೀಸಾಗಿದೆ.

0. ಮೊದಲು ಡಾಕ್ಟರು

ಎಡ ರೆಕ್ಕೆಯ ಮೂಳೆ, ಅಂದರೆ ಭುಜದ ಹಿಂದಿನ ಚಪ್ಪಟೆ ಮೂಳೆ, ಮತ್ತು ಕತ್ತಿನ ನಡುವೆ ನೋವು ಶುರುವಾಯಿತು. ಪ್ಯಾಡಿನದೇ ತಪ್ಪು ಅಂತ ನಾನೇ ತೀರ್ಪು ಕೊಟ್ಟುಕೊಂಡು ಸೂಜಿ ದಾರ ಹಿಡಿಯಲಿಲ್ಲ. ಈ ಕಾಯಿಲೆ ಮೂಳೆಗೂ ಹೋಗಬಹುದು. ಆದ್ದರಿಂದ ಒಮ್ಮೆ ಸ್ತನ ಕ್ಯಾನ್ಸರ್ ಆದವರಿಗೆ ಹೊಸದಾಗಿ ಬೆನ್ನುನೋವು ಬಂದು ಬಿಡದೆ ಕಾಡಿದರೆ, ಅದರಲ್ಲೂ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೊದಲು ಡಾಕ್ಟರಿಗೆ ಹೇಳಬೇಕು. ನನಗೆ ಸ್ಕ್ಯಾನ್ ಮಾಡಿದರು, ಏನೂ ಇರಲಿಲ್ಲ. ಆಮೇಲೇ ನಾನು ಡೆಪ್ಯುಟೇಶನ್ ಮೇಲೆ ಇಲಾಖಾ ವಿಚಾರಣೆ ಶುರು ಮಾಡಿದ್ದು.

ಫಿಸಿಯೋಥೆರಪಿ ಮಾಡುವ ಹುಡುಗಿ ನನ್ನನ್ನು ಕನ್ನಡಿ ಮುಂದೆ ನಿಲ್ಲಿಸಿದಳು. ‘ಆಂಟಿ, ನೀವು ಎಡ ಭುಜ ಎತ್ತಿ, ಮುಂದಕ್ಕೆ ಮಡಚ್ಕೊಂಡು ನಡೀತಿದ್ದೀರಿ, ಬಸ್ಸಲ್ಲಿ ಪರ್ಸ್ ಕಾಪಾಡೋರ ಥರ’ ಅಂದಳು. ನಿಜವೇ. ಗಾಯದ ಕಡೆ ಚರ್ಮ ಬಿಗಿ. ಅದರ ಮೇಲೆ ಯಾರಾದರೂ ನೋಡಿಬಿಡುತ್ತಾರೇನೋ ಅನ್ನುವ ಮುಜುಗರ. ಜೊತೆಗೆ ಜಾರುವ ಬ್ರಾ ಪಟ್ಟಿಯನ್ನು ಭುಜದಲ್ಲೇ ಹಿಡಿದುಕೊಳ್ಳುವ ಚಾಳಿ. ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಮೇಲೇರಿಸುವುದು, ಎರಡೂ ರೆಕ್ಕೆಗಳನ್ನು ಹಿಂದಕ್ಕೆ ಒತ್ತಿ ಬಿಡುವುದು, ಇವನ್ನು ಹೇಳಿಕೊಟ್ಟಳು. ಈಗಲೂ ಮಾಡುತ್ತೇನೆ. ಪ್ಯಾಡ್ ಒಂದರಿಂದಲೇ ನೋವು ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ.

1. ಕರ್ಚೀಫು

ಆಪರೇಶನ್ ಆದ ಹೊಸದರಲ್ಲಿ ಹಗುರವಾದ ಮೆತ್ತನೆಯ ಪ್ಯಾಡೇ ಇಡಬೇಕು, ತೂಕದ ಪ್ಯಾಡ್ ಏನಿದ್ದರೂ ಗಾಯ ಮಾಗಿದ ಮೇಲೆ. ನಾನು ಕರ್ಚೀಫು ಮಡಚಿ ಇಟ್ಟುಕೊಳ್ಳುತ್ತಿದ್ದೆ. ಖರ್ಚು ಸೊನ್ನೆ, ತೂಕವೂ ಹೆಚ್ಚುಕಮ್ಮಿ ಸೊನ್ನೆ. ತೊಂದರೆ ಇರುವುದೇ ಅಲ್ಲಿ. ತೂಕವಿಲ್ಲದ ಪ್ಯಾಡ್ ಕೆಳಗೆ ನಿಲ್ಲುವುದಿಲ್ಲ. ಬೆಳಗ್ಗೆ ಎದೆಯ ಮೇಲಿದ್ದದ್ದು ಮಧ್ಯಾಹ್ನ ಕತ್ತಿನ ಮೂಳೆಯ ಹತ್ತಿರ ಬಂದು ಇಣುಕುತ್ತಿತ್ತು. ಅದನ್ನು ಅದುಮಿ ಹಿಡಿಯಲು ಮತ್ತೆ ಭುಜ ಮುಂದಕ್ಕೆ.

ಒಂದು ಶುಕ್ರವಾರ ಬಾಗಿಲಿಗೆ ರಂಗೋಲಿ ಹಾಕಲು ಬಗ್ಗಿದಾಗ ಪೂರ್ತಿ ಕಳಚಿ ಎಳೆಗಳ ಮಧ್ಯೆ ಬಿತ್ತು. ಎದುರುಮನೆಯವರು ಓಡಿಬಂದು ಎತ್ತಿಕೊಟ್ಟು ‘ಕರ್ಚೀಫ್ ಬಿತ್ತು ನೋಡಿ, ಚೆನ್ನಾಗಿ ಇಸ್ತ್ರಿ ಮಾಡ್ತೀರಪ್ಪಾ’ ಅಂದರು. ಬೆಳಗಿನಿಂದ ಒಂದೇ ಕಡೆ ಒತ್ತಿ ಒತ್ತಿ ಅದು ಹಪ್ಪಳದಂತಾಗಿತ್ತು.

2. ಅಂಗಡಿಯ ಸಿಲಿಕೋನ್

4,200 ರೂಪಾಯಿ. ನೋಡಲು, ಮುಟ್ಟಲು ಅಚ್ಚುಕಟ್ಟು. ಅಳತೆ ತೆಗೆದದ್ದು ಮಾತ್ರ ಸೀರೆ, ಬ್ಲೌಸ್ ಎಲ್ಲದರ ಮೇಲೆ. ನಾಚಿಕೆಗೆ ನಾನೂ ಸುಮ್ಮನಿದ್ದೆ. ಮನೆಗೆ ತಂದು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟರೆ 720 ಗ್ರಾಂ. ಮುಕ್ಕಾಲು ಕಿಲೋ ಬದನೆಕಾಯಿಯನ್ನು ಒಂದು ಭುಜಕ್ಕೆ ನೇತುಹಾಕಿಕೊಂಡು ಮೈಸೂರು ಸುತ್ತಿದರೆ ಬೆನ್ನು ಏನನ್ನಬೇಕು?

ನನ್ನ ಬ್ರಾ ಕೂಡ ಸಣ್ಣ ಪಟ್ಟಿಯದು. ಸಂಜೆ ಹೊತ್ತಿಗೆ ಭುಜದಲ್ಲಿ ಕೆಂಪು ಗೆರೆ ಮೂಡಿರುತ್ತಿತ್ತು. ಕಂಕುಳಿನ ಲಿಂಫ್ ಗಂಟುಗಳನ್ನು ತೆಗೆಸಿಕೊಂಡವರಿಗೆ ಆ ಕಡೆಯ ಕೈ ಊದಿಕೊಳ್ಳುವ ಭಯ ಇದ್ದೇ ಇರುತ್ತದೆ. ಪಟ್ಟಿ ಅಲ್ಲಿ ಕೊರೆಯಬಾರದು. ಬೇಸಿಗೆಯಲ್ಲಿ ಇನ್ನೊಂದು ಕಾಟ: ಸಿಲಿಕೋನ್ ಒಳಗೆ ಗಾಳಿಯಾಡುವುದಿಲ್ಲ, ಹಿಂದೆ ಬೆವರು ನಿಂತು ಪ್ಯಾಡ್ ಜಾರುತ್ತಿತ್ತು.

ಸಿಲಿಕೋನಿನ ಕತೆ ಮುಗಿಸಿದ್ದು ಸೀರೆ ಪಿನ್ನು. ನಾವು ಸೆರಗು ಹಾಕುವುದು ಎಡಕ್ಕೆ. ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ನೆರಿಗೆ ಹಿಡಿದು ಸೇಫ್ಟಿ ಪಿನ್ ಚುಚ್ಚಿದೆ. ಯಾವತ್ತಿಗಿಂತ ಸಲೀಸಾಗಿ ಹೋಯಿತು, ನನಗಂತೂ ಏನೂ ನೋಯಲಿಲ್ಲ. ಹೇಗೆ ನೋಯುತ್ತದೆ? ಛತ್ರದಲ್ಲಿ ಊಟಕ್ಕೆ ಕೂತಾಗ ಬ್ಲೌಸಿಗೆ ಏನೋ ಅಂಟಂಟು. ರಾತ್ರಿ ತೆಗೆದು ನೋಡಿದರೆ ಚುಚ್ಚಿದ ತೂತಿನಿಂದ ಅಂಟು ಜಿನುಗುತ್ತಿದೆ. ‘ಪಂಚರ್ ಹಾಕಿಸೋಣ್ವಾ?’ ಅಂದರು ಯಜಮಾನರು. ಟೇಪ್ ಅಂಟಿಸಿ ನೋಡಿದೆವು, ನಿಲ್ಲಲಿಲ್ಲ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸರಿಯಾದ ಅಳತೆಯ, ಹಗುರ ಬಗೆಯ ಸಿಲಿಕೋನ್ ಪ್ಯಾಡ್ ಸಿಕ್ಕಿ, ಪಿನ್ನಿನ ಮೇಲೆ ಗಮನವಿದ್ದವರಿಗೆ ಅದು ಒಳ್ಳೆಯದೇ. ಬಾರ್ಬಿ ಗೊಂಬೆ ಮಾಡಿದ ಅಮೆರಿಕದ ರುತ್ ಹ್ಯಾಂಡ್ಲರ್‌ಗೂ 1970ರಲ್ಲಿ ಇದೇ ಆಪರೇಶನ್ ಆಗಿತ್ತು. ಅಂಗಡಿಯಲ್ಲಿ ಸಿಕ್ಕ ಪ್ಯಾಡುಗಳು ಒಗ್ಗದೆ ಆಕೆ ತಾನೇ ಕಂಪನಿ ಕಟ್ಟಿ ಪ್ಯಾಡ್ ಮಾಡಿ ಮಾರಿದಳು. ನನ್ನ ಹತ್ತಿರ ಕಂಪನಿ ಇಲ್ಲ, ಹೊಲಿಗೆ ಮೆಷೀನ್ ಇದೆ.

3. ಅಳತೆ

ಎಷ್ಟು ತೂಕ ಬೇಕು ಅಂತ ಅಂದಾಜಿನಲ್ಲಿ ಹೋಗಬಾರದು ಅಂತ ತೀರ್ಮಾನಿಸಿದೆ. ಬಲಗಡೆಯದನ್ನು ತಕ್ಕಡಿಯ ಮೇಲಿಡಲು ಹೋದರೆ ನಾವು ಹೇಗೆ ವಾಲಿದ್ದೇವೋ ಹಾಗೆ ಅಂಕಿ ಕುಣಿಯುತ್ತದೆ, ಅದು ಆಗದ ಮಾತು. ನೀರಿನ ದಾರಿ ಹಿಡಿದೆ.

ಅಗಲ ಬಾಯಿಯ ಸ್ಟೀಲ್ ಪಾತ್ರೆಯನ್ನು ಪರಾತದಲ್ಲಿಟ್ಟು, ಉಗುರು ಬೆಚ್ಚಗಿನ ನೀರನ್ನು ಅಂಚಿನವರೆಗೆ ತುಂಬಬೇಕು. ಬಗ್ಗಿ ಪೂರ್ತಿ ಅದ್ದಬೇಕು. ಪರಾತಕ್ಕೆ ಚೆಲ್ಲಿದ ನೀರನ್ನು ಅಳೆಯಬೇಕು. ಹೇಳಲು ಸುಲಭ. ನಾನು ಪಾತ್ರೆಯನ್ನು ಬಚ್ಚಲಿನ ನೆಲದ ಮೇಲಿಟ್ಟುಬಿಟ್ಟೆ. ಬಗ್ಗಿದ್ದಾಯಿತು, ಅದ್ದಿದ್ದಾಯಿತು, ಏಳಲು ಬೆನ್ನು ಒಪ್ಪಲಿಲ್ಲ. ಅದೇ ಭಂಗಿಯಲ್ಲಿ ನಿಂತು ‘ರೀ’ ಅಂತ ಕೂಗಿದೆ. ‘ಯುರೇಕಾ ಅಂತ ಬೀದಿಗೆ ಮಾತ್ರ ಓಡಬೇಡ’ ಅಂತ ಹೊರಗಿನಿಂದ ಉತ್ತರ ಬಂತು. ಎರಡನೇ ಸಲ ಪಾತ್ರೆಯನ್ನು ಸ್ಟೂಲಿನ ಮೇಲಿಟ್ಟು, ಮಂಡಿಯೂರಿ ಮಾಡಿದೆ. ನೀವು ಮೊದಲೇ ಸ್ಟೂಲ್ ಇಟ್ಟುಕೊಳ್ಳಿ.

ಚೆಲ್ಲಿದ ನೀರು 560 ಮಿಲಿ. ತಾಳೆ ನೋಡಲು ಬ್ರಾದ ಬಲಗಡೆಯ ಕಪ್ಪಿಗೆ ಅಕ್ಕಿ ತುಂಬಿ ಪಾವಿನಲ್ಲಿ ಅಳೆದೆ. ಎರಡು ಪಾವಿಗೆ ಸ್ವಲ್ಪ ಮೇಲೆ. ಸರಿಹೋಯಿತು. ಮೈಯ ಈ ಭಾಗದ ತೂಕ ಹೆಚ್ಚುಕಮ್ಮಿ ನೀರಿನಷ್ಟೇ, ಹಾಗಾಗಿ ನನ್ನದು 550 ಗ್ರಾಂ ಆಸುಪಾಸು. ಅಂಗಡಿಯದು ಅದಕ್ಕಿಂತ 170 ಗ್ರಾಂ ಜಾಸ್ತಿ ಇತ್ತು.

ಟೇಪಿನಲ್ಲಿ ತೆಗೆದ ಅಳತೆ: ಅಗಲ 5.5 ಇಂಚು, ಎತ್ತರ 6.25 ಇಂಚು, ಮುಂದಕ್ಕೆ ಉಬ್ಬು 2.5 ಇಂಚಿಗೆ ಒಂದು ಎಳೆ ಕಮ್ಮಿ.

4. ರಾಗಿ

ತೂಕವೂ ಬೇಕು, ಮೈಗೆ ತಕ್ಕ ಹಾಗೆ ಹರಿದು ಕೂರಲೂ ಬೇಕು. ಕಾಳು ತುಂಬಿದರೆ ಹೇಗೆ ಅನ್ನಿಸಿತು. ಸಂತೆಪೇಟೆಯಿಂದ ತಂದ ಸಾಸಿವೆಯನ್ನು ಮೊದಲು ತುಂಬಿದೆ. ಬೆವರಿಗೆ ಎಣ್ಣೆ ಬಿಟ್ಟು ಬಟ್ಟೆ ಹಳದಿಯಾಯಿತು, ಹತ್ತಿರ ಬಂದವರಿಗೆ ಉಪ್ಪಿನಕಾಯಿ ವಾಸನೆ. ತೆಗೆದು ರಾಗಿ ತುಂಬಿದೆ. ಹಳೆಯ ಪಂಚೆಯ ಬಟ್ಟೆ, ಎರಡು ಪದರ, ಒತ್ತು ಹೊಲಿಗೆ. 420 ಗ್ರಾಂ ಬಂತು.

ರಾಗಿ ಪ್ಯಾಡ್ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತೇನೆ. ತಣ್ಣಗೆ, ಕೂತ ಜಾಗದಲ್ಲಿ ಕೂತು, ಬೆನ್ನಿಗೂ ಹಗುರವಾಗಿತ್ತು. ಒಂದೇ ತೊಂದರೆ, ಒಗೆಯುವ ಹಾಗಿಲ್ಲ. ನಾನು ಒಗೆದೆ. ಮೇಲೆ ಒಣಗಿದೆ ಅನ್ನಿಸಿತು, ಹಾಕಿಕೊಂಡೆ. ಒಳಗೆ ತೇವ, ಹೊರಗೆ ಮೈಶಾಖ, ಮೇಲೆ ಹತ್ತಿ ಬಟ್ಟೆ. ಕಾಳಿಗೆ ಇನ್ನೇನು ಬೇಕು? ಹುಳಿ ವಾಸನೆ ಬಂತು ಅಂತ ಬಿಚ್ಚಿ ನೋಡಿದರೆ ಬೆಳ್ಳನೆಯ ಮೊಳಕೆ ಬಟ್ಟೆಯ ಎಳೆಗಳ ಸಂದಿಯಿಂದ ತಲೆ ಹಾಕುತ್ತಿದೆ. ಮಗುವಿಗೆ ರಾಗಿ ಸರಿ ಹಿಟ್ಟು ಮಾಡಲು ನಾನು ಎಷ್ಟೋ ಸಲ ಮೊಳಕೆ ಕಟ್ಟಿದ್ದೇನೆ, ಇಷ್ಟು ಒಂದೇ ಸಮ ಯಾವತ್ತೂ ಬಂದಿರಲಿಲ್ಲ. ‘ಒಣಗಿಸಿ ಹಿಟ್ಟು ಮಾಡಿಸಿದ್ರೆ ಮಾಲ್ಟ್ ಆಗುತ್ತೆ’ ಅಂದರು ಯಜಮಾನರು. ಹಿತ್ತಲಿನ ಬೇಲಿಯ ಪಕ್ಕ ಚೆಲ್ಲಿದೆ. ಅಲ್ಲಿ ಪೈರು ಬಂದಿದೆ.

5. ಸೈಕಲ್ ಗುಂಡು

ಮೊಳೆಯದೇ ಇರುವ ವಸ್ತು ಬೇಕು ಅಂತ ತಲೆ ಕೆಡಿಸಿಕೊಂಡಾಗ ಹೊಳೆದದ್ದು ಸೈಕಲ್ಲಿನ ಬೇರಿಂಗ್ ಗುಂಡು. ಕಾಲು ಇಂಚಿನ ಉಕ್ಕಿನ ಗುಂಡು ಒಂದು ಗ್ರಾಂಗೆ ಕೂದಲೆಳೆ ಹೆಚ್ಚು. ಒಂದು ಗ್ರೋಸ್ ಅಂದರೆ 144 ಗುಂಡು, 150 ಗ್ರಾಂ. ಲೆಕ್ಕಕ್ಕೆ ಇದಕ್ಕಿಂತ ಸಲೀಸಾದ ಸಾಮಾನು ಇಲ್ಲ. ಎರಡು ಗ್ರೋಸ್ ತಂದೆ. ‘ಎಷ್ಟು ಸೈಕಲ್ ಇವೆ ಅಮ್ಮಾ?’ ಅಂದ ಅಂಗಡಿ ಹುಡುಗನಿಗೆ ‘ಒಂದೇ, ಎಡಗಡೆದು’ ಅಂದೆ. ಪಾಪ, ಅವನಿಗೇನು ಅರ್ಥವಾಗಬೇಕು.

ಹಳೆಯ ದಿಂಬಿನ ಫೈಬರ್ ಮಧ್ಯೆ ಗುಂಡುಗಳ ಚೀಲ ಇಟ್ಟೆ. ನಡೆದರೆ ಗೆಜ್ಜೆಯ ಮರಿಯ ಹಾಗೆ ಕಿರಿಕಿರಿ ಸದ್ದು. ಬೆವರಿಗೆ ತುಕ್ಕು ಹಿಡಿದು ಬಿಳಿ ಬ್ಲೌಸಿನ ಮೇಲೆ ಕಂದು ಕಲೆ. ಇವೆರಡನ್ನೂ ಸಹಿಸಿಕೊಳ್ಳಬಹುದಿತ್ತು. ಮಗಳ ಜೊತೆ ಬೆಂಗಳೂರಿನ ಒಂದು ಮಾಲಿಗೆ ಹೋದೆ. ಬಾಗಿಲಲ್ಲಿ ಲೋಹ ಹಿಡಿಯುವ ಚೌಕಟ್ಟು ಕೂಗಿತು. ಸೆಕ್ಯುರಿಟಿಯ ಹೆಣ್ಣುಮಗಳು ಪರದೆ ಹಿಂದೆ ಕರೆದು ಕೋಲಿನಂಥದ್ದು ಆಡಿಸಿದರೆ ಅದೂ ಎಡಗಡೆ ಮಾತ್ರ ಕೂಗಿತು.

‘ಏನಿದೆ ಅಮ್ಮಾ ಒಳಗೆ?’

‘ಸೈಕಲ್ ಗುಂಡು.’

ಆ ಹೆಣ್ಣುಮಗಳು ನನ್ನ ಮುಖ ನೋಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳಿಗೆ ಮೊದಲು ಏನು ಹೇಳಬೇಕೋ ತೋಚಲಿಲ್ಲ. ಆಮೇಲೆ ‘ನಮ್ಮ ಚಿಕ್ಕಮ್ಮಂಗೂ ಆಗಿದೆ ಅಮ್ಮಾ, ಅವರು ಹತ್ತಿ ಇಟ್ಕೋತಾರೆ, ಯಾವಾಗ್ಲೂ ಮೇಲಕ್ಕೆ ಹೋಗುತ್ತಂತೆ’ ಅಂದಳು. ಪರದೆ ಹಿಂದೆ ನಿಂತೇ ಅವಳಿಗೆ ತೂಕದ ವಿಷಯ ಹೇಳಿಕೊಟ್ಟೆ. ಹೊರಗೆ ಮಗಳು ಅಮ್ಮನನ್ನು ಅರೆಸ್ಟ್ ಮಾಡಿದ್ದಾರೆ ಅಂತ ಅಪ್ಪನಿಗೆ ಫೋನ್ ಹಚ್ಚಿಯಾಗಿತ್ತು.

ಮೀನಿನ ಗಾಳದ ಸೀಸದ ಗುಂಡು ಹಾಕಬಹುದಲ್ಲಾ ಅಂತ ಒಬ್ಬರು ಸಲಹೆ ಕೊಟ್ಟರು. ಸೀಸ ವಿಷ, ಮೈಗೆ ಅಂಟಿಸಿಕೊಳ್ಳುವ ವಸ್ತುವಲ್ಲ. ಬೇಡ.

6. ಈಗ ಹಾಕುತ್ತಿರುವುದು

ಸಾಮಾನು: ಕಸೂತಿಗೆ ಹಾಕುವ ಸಣ್ಣ ಗಾಜಿನ ಮಣಿ ಅರ್ಧ ಕಿಲೋ, ದಿಂಬಿನ ಫೈಬರ್, ಹಳೆಯ ಪಂಚೆ, ಕ್ರೋಶಾ ಹಾಕಲು ಹತ್ತಿಯ ನೂಲು. ಗಾಜು ಮೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಕೂಗುವುದಿಲ್ಲ, ನೀರಿಗೆ ಹಾಕಬಹುದು.

ಮೊದಲು ಮಣಿಯ ಚೀಲ. ಪಂಚೆ ಬಟ್ಟೆಯಲ್ಲಿ ಪುಟ್ಟ ಪೊಟ್ಟಣಗಳು, ಒಂದೊಂದರಲ್ಲಿ 50 ಗ್ರಾಂ. ಎಲ್ಲ ಮಣಿಯನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಪೊಟ್ಟಣ ಮಾಡಿದರೆ ಒಂದು ತೆಗೆದು ಒಂದು ಹಾಕಿ ತೂಕ ಹೊಂದಿಸಿಕೊಳ್ಳಬಹುದು, ಸದ್ದೂ ಬರುವುದಿಲ್ಲ.

ಆಮೇಲೆ ದೊಡ್ಡ ಚೀಲ. ಹಿಂದಿನ ತುಂಡು ಚಪ್ಪಟೆ, ನೀರಹನಿಯ ಆಕಾರ, ಮೇಲೆ ಸಣ್ಣಗೆ ಕೆಳಗೆ ಅಗಲ. ಮುಂದಿನ ತುಂಡು ಸುತ್ತಲೂ ಒಂದೂವರೆ ಇಂಚು ದೊಡ್ಡದು. ಕೆಳಗಿನ ಅಂಚಿನಲ್ಲಿ ಮೂರು ಟಕ್ಸ್ ಹಿಡಿದೆ, ಬ್ಲೌಸಿಗೆ ಹಿಡಿಯುವ ಹಾಗೇ. ಉಬ್ಬು ಬರುವುದು ಅದರಿಂದ. ಮೊದಲ ಸಲ ಟಕ್ಸ್ ಮಧ್ಯಕ್ಕೆ ಬಂದು ಹಳೇ ಸಿನಿಮಾದ ನಾಯಕಿಯ ಹಾಗೆ ಚೂಪಾಗಿ ನಿಂತಿತ್ತು. ಬಿಚ್ಚಿ ಅಂಚಿಗೆ ಸರಿಸಿದೆ. ಹಿಂದಿನ ತುಂಡಿನಲ್ಲಿ ಮೂರು ಇಂಚು ಬಾಯಿ ಬಿಟ್ಟು, ಅದಕ್ಕೆ ಎರಡು ಟಿಚ್ ಬಟನ್. ಬಟನ್ ಮೈ ಕಡೆಗೆ ಒತ್ತದ ಹಾಗೆ ಮೇಲೊಂದು ಪಟ್ಟಿ.

ತುಂಬುವ ಕ್ರಮದ ಮೇಲೇ ಬೆನ್ನಿನ ಭವಿಷ್ಯ ನಿಂತಿದೆ. ನಾನು ಮೊದಲು ಮಣಿಯನ್ನು ಮುಂದೆ, ತುದಿಯ ಹತ್ತಿರ ಇಟ್ಟಿದ್ದೆ. ತೂಕ ಸರಿಯಿದ್ದರೂ ಮುಂದಕ್ಕೆ ಎಳೆದು ಮತ್ತೆ ಅದೇ ನೋವು. ಪೊಟ್ಟಣಗಳನ್ನು ಹಿಂದಿನ ತುಂಡಿಗೆ ಅಂಟಿದ ಹಾಗೆ, ಕೆಳಗಿನ ಅರ್ಧದಲ್ಲಿ ಸಾಲಾಗಿ ಇಟ್ಟು, ಮುಂದೆ ಪೂರ್ತಿ ಫೈಬರ್ ತುಂಬಿದೆ. ಅದೇ ತೂಕ, ಹೊತ್ತ ಹಾಗೇ ಅನ್ನಿಸಲಿಲ್ಲ. ಈ ಒಂದು ಬದಲಾವಣೆಯಿಂದ ಸಿಕ್ಕಷ್ಟು ಆರಾಮ ಬೇರೆ ಯಾವುದರಿಂದಲೂ ಸಿಗಲಿಲ್ಲ. ಫೈಬರನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಹಾಕಬೇಕು, ಉಂಡೆಯಾಗಿ ತುರುಕಿದರೆ ಬ್ಲೌಸಿನ ಮೇಲೆ ಗಂಟು ಕಾಣುತ್ತದೆ.

ಹೊರಗಿನ ಹೊದಿಕೆಯನ್ನು ಅತ್ತಿಗೆ ಕ್ರೋಶಾದಲ್ಲಿ ಹಾಕಿಕೊಟ್ಟರು. ಅಮೆರಿಕದಲ್ಲಿ ಬಾರ್ಬರಾ ಡೆಮರೆಸ್ಟ್ ಎಂಬಾಕೆ 2011ರಲ್ಲಿ ತನಗೆ ಈ ಆಪರೇಶನ್ ಆದಮೇಲೆ, ಇಂಥ ಹೆಣೆದ ಪ್ಯಾಡುಗಳನ್ನು ಬಿಟ್ಟಿಯಾಗಿ ಹಂಚುವ ಸಂಘ ಕಟ್ಟಿದ್ದಾಳೆ. ಅವು ಬರೀ ಫೈಬರ್ ತುಂಬಿದ ಹಗುರವಾದವು. ಅತ್ತಿಗೆಗೆ ಆ ಚಿತ್ರ ತೋರಿಸಿದೆ. ‘ಇದೇನು ಮಹಾ, ತೋರಣದ ಹೂವಿನ ಥರಾನೇ’ ಅಂದು, ಮಧ್ಯದಿಂದ ಶುರು ಮಾಡಿ ಸುತ್ತು ಸುತ್ತಾಗಿ ಹಾಕಿ, ಅಭ್ಯಾಸಬಲದಿಂದ ಅಂಚಿಗೆ ಲೇಸನ್ನೂ ಇಳಿಬಿಟ್ಟರು. ಲೇಸು ಬ್ಲೌಸಿನ ಮೇಲೆ ಎದ್ದು ಕಾಣುತ್ತಿತ್ತು. ಅತ್ತಿಗೆ ಊರಿಗೆ ಹೋಗುವವರೆಗೆ ಕಾದು ಬಿಚ್ಚಿದೆ.

7. ತೂಕ ಹೊಂದಿಸಿದ್ದು

ನೀರಿನ ಲೆಕ್ಕದಲ್ಲಿ 550 ಬೇಕಿತ್ತು. ಅಷ್ಟೇ ತುಂಬಿದೆ, ಸಂಜೆಗೆ ಭುಜ ಸೋತಿತು. ಬಲಗಡೆಯದನ್ನು ಚರ್ಮ, ಎದೆಯ ಭಾಗವೆಲ್ಲ ಸೇರಿ ಹಿಡಿದಿರುತ್ತವೆ. ಎಡಗಡೆಯದು ನೇತಾಡುವುದು ಪಟ್ಟಿಯ ಮೇಲೆ. ಡೆಪ್ಯುಟೇಶನ್ನಿನವರಿಗೆ ಪರ್ಮನೆಂಟಿನವರಷ್ಟೇ ಸಂಬಳ ಕೊಡಲಾಗದು ಅಂತ ಯಜಮಾನರ ಷರಾ.

ಒಂದೊಂದೇ ಪೊಟ್ಟಣ ತೆಗೆಯುತ್ತಾ ಬಂದೆ. ಭುಜ ಸಮ ಇದೆಯಾ ಅಂತ ನೋಡಲು ಕಿಟಕಿಯ ಅಡ್ಡ ಸರಳುಗಳ ಮುಂದೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡೆ. ಎರಡು ಭುಜವೂ ಒಂದೇ ಸರಳಿಗೆ ತಾಗಬೇಕು. ಮೊದಲ ಫೋಟೋಗಳಲ್ಲಿ ನಾನೂ ವಾಲಿದ್ದೆ, ಕಿಟಕಿಯೂ ವಾಲಿತ್ತು. ಫೋನನ್ನು ಪುಸ್ತಕಗಳ ಮೇಲೆ ಒರಗಿಸಿಟ್ಟ ಮೇಲೆ ಕಿಟಕಿ ನೆಟ್ಟಗಾಯಿತು. 300 ಗ್ರಾಂ ಹತ್ತಿರ ಬಂದಾಗ ಪ್ಯಾಡ್ ಮತ್ತೆ ಮೇಲೇರತೊಡಗಿತು, ಎಡ ಭುಜವೂ ಜೊತೆಗೆ ಎದ್ದಿತು. ನಿಂತದ್ದು 430ಕ್ಕೆ: ಮಣಿ 350, ಬಟ್ಟೆ, ನೂಲು, ಫೈಬರ್ ಎಲ್ಲ ಸೇರಿ 80. ಇದು ನನ್ನ ಅಳತೆ. ನಿಮ್ಮದು ನಿಮ್ಮ ಪಾತ್ರೆಯ ನೀರು ಹೇಳುತ್ತದೆ.

8. ಬ್ರಾ

ಪ್ಯಾಡ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಜೇಬು ಬೇಕು. ಯಜಮಾನರ ಹಳೆಯ ಬನಿಯನ್ ಕತ್ತರಿಸಿ ಎಡ ಕಪ್ಪಿನ ಒಳಗೆ ಜೇಬು ಹೊಲಿದೆ. ಬನಿಯನ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಗಾಯದ ಗೆರೆಗೆ ಉಜ್ಜುವುದಿಲ್ಲ. ಬಾಯಿ ಕಂಕುಳಿನ ಕಡೆ ಇರಲಿ. ನಾನು ಮೊದಲು ಮೇಲ್ಗಡೆ ಬಿಟ್ಟಿದ್ದೆ, ಬಗ್ಗಿದರೆ ರಂಗೋಲಿ ಪ್ರಸಂಗವೇ ಮತ್ತೆ. ಭುಜದ ಪಟ್ಟಿ ಕಿತ್ತು ಒಂದು ಇಂಚು ಅಗಲದ ಎಲಾಸ್ಟಿಕ್ ಹಾಕಿದೆ. ಎದೆಯ ಕೆಳಗಿನ ಪಟ್ಟಿಯನ್ನು ಎರಡು ಇಂಚಿಗೆ ಅಗಲ ಮಾಡಿದ ಮೇಲೆ ಭಾರದ ಬಹುಪಾಲು ಭುಜದಿಂದ ಕೆಳಗಿಳಿಯಿತು.

ಖರ್ಚು

ಮಣಿ 240, ನೂಲು 160, ದಿಂಬು ಒಂದು 120 (ಹಳೆಯದರ ಫೈಬರ್ ಗಂಟುಕಟ್ಟಿತ್ತು), ಎಲಾಸ್ಟಿಕ್ ಮತ್ತು ಬಟನ್ 60. ಒಟ್ಟು 580. ಬನಿಯನ್, ಪಂಚೆ ಮನೆಯವು. ನೀರಲ್ಲಿ ಹೋಮ ಮಾಡಿದ ಸಿಲಿಕೋನ್, ರಾಗಿ, ಸಾಸಿವೆ, ಗುಂಡುಗಳ ಲೆಕ್ಕವನ್ನು ಯಜಮಾನರು ಬೇರೆ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದಾರೆ.

ಒಗೆಯುವುದು, ಉಳಿದ ಕೆಲಸ

ಮಣಿ ಪೊಟ್ಟಣ ತೆಗೆದು, ಸೋಪಿನ ನೀರಲ್ಲಿ ಕೈಯಲ್ಲೇ ಒಗೆದು, ಹಿಂಡದೆ ಒತ್ತಿ, ನೆರಳಲ್ಲಿ ಎರಡು ದಿನ. ಅವಸರವಿದ್ದರೆ ಆಗುವುದಿಲ್ಲ, ಅದಕ್ಕೇ ಇನ್ನೊಂದು ಹೊಲಿಯುತ್ತಿದ್ದೇನೆ. ಸೀರೆ ಪಿನ್ ಈಗ ತಗುಲಿದರೂ ಚಿಂತೆಯಿಲ್ಲ, ಫೈಬರಿಗೆ ಹೋಗಿ ನಿಲ್ಲುತ್ತದೆ. ಹೆಚ್ಚೆಂದರೆ ಸೆರಗು ಡೆಪ್ಯುಟೇಶನ್ನಿಗೇ ಸಿಕ್ಕಿಕೊಂಡು, ಸೀರೆ ಬಿಚ್ಚುವಾಗ ಅದೂ ಜೊತೆಗೆ ಎದ್ದು ಬರುತ್ತದೆ.

ಎರಡನೆಯದರಲ್ಲಿ ಟಿಚ್ ಬಟನ್ ಬದಲು ಕಟ್ಟುವ ಲಾಡಿ ಇಡುತ್ತಿದ್ದೇನೆ. ಒಂದು ಬಟನ್ ಆಗಲೇ ಸಡಿಲವಾಗಿದೆ. ಮಾಲಿನ ಹುಡುಗಿ ಚಿಕ್ಕಮ್ಮನ ಅಳತೆ ಕಳಿಸಿದ್ದಾಳೆ, 380 ಮಿಲಿ. ಅವರದು ಬಲಗಡೆಯದು, ನನ್ನ ನಮೂನೆಯನ್ನು ಮಗುಚಿ ಕತ್ತರಿಸಬೇಕು.